ಕಿಕ್ಕೇರಿ ಟೆಂಟಿಗೆ ಬಂದ ಆಯಮ್ಮ

ಮೊನ್ನೆ ಪಾಂಡವಪುರದ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೆ. ಸೀರೆ ಮಾರಾಟದ ಪ್ರಚಾರದ ಆಟೋ ಒಂದು ಮೈಕು ಕಟ್ಟಿಕೊಂಡು ಬಂತು. ಒಳಗೆ ಡ್ರೈವರ್ ಒಬ್ಬನೇ. ಮಾತೆಲ್ಲ ಯಾರೋ ಎಲ್ಲೋ ಕೂತು ತುಂಬಿಸಿಟ್ಟದ್ದು. ಅದು ಬಾಯಿ ತೆರೆಯುವ ಮೊದಲೇ ನನ್ನ ಬಾಯಿ ತಾನಾಗಿ, "ಬನ್ನಿ, ಬನ್ನಿ, ಮಹಾಜನಗಳೇ" ಎಂದುಬಿಟ್ಟಿತು. ಪಕ್ಕದಲ್ಲಿದ್ದ ಹೆಂಗಸು ತನ್ನ ಚೀಲವನ್ನು ಮೆಲ್ಲಗೆ ಆಚೆ ಎಳೆದುಕೊಂಡಳು. ಅವಳನ್ನು ದೂರುವಂತಿಲ್ಲ. ಬಾಯಿ ಮುಚ್ಚಿಕೊಂಡಿರಬೇಕಾದಲ್ಲಿ ತೆರೆಯುವುದು ನನ್ನ ಹಳೆಯ ರೋಗ. ಆ ರೋಗದಿಂದ ನನ್ನ ತಂಗಿಗೆ ಒಂದು ಅನ್ಯಾಯ ಮಾಡಿದ್ದೇನೆ. ನಿಮ್ಮ ಬಸ್ಸು ಬರುವವರೆಗೆ ಕೇಳಿಸಿಕೊಳ್ಳಿ.

ತೊಂಬತ್ತರ ದಶಕದಲ್ಲಿ ನಾನು ಕಿಕ್ಕೇರಿಯ ಸಿನಿಮಾ ಟೆಂಟಿನಲ್ಲಿ ಪ್ರಚಾರದವನು. ಏಳನೇ ಕ್ಲಾಸಿನಲ್ಲಿ ಇಂಗ್ಲಿಷು ನನ್ನನ್ನು ಕೆಡವಿದ ಮೇಲೆ ಮತ್ತೆ ಶಾಲೆಯ ಕಡೆ ಹೋಗಲಿಲ್ಲ. ಓದದಿದ್ದರೇನು, ಗಂಟಲಿತ್ತು. ಆಟೋದಲ್ಲಿ ಕೂತು ಕೂಗಿದರೆ ನಾಗಮಂಗಲದ ಕಡೆಯ ಹಳ್ಳಿಗಳಿಂದಲೂ ಜನ ಎತ್ತಿನಗಾಡಿ ಕಟ್ಟಿಕೊಂಡು ಬರುತ್ತಿದ್ದರು. ನನಗೆ ಇನ್ನೊಂದು ಕೆಲಸವೂ ಇತ್ತು. ಟೆಂಟಿನಲ್ಲಿ ಇದ್ದಕ್ಕಿದ್ದಂತೆ ಸೌಂಡು ನಿಂತರೆ ಜನ ಮರಳು ಎರಚುತ್ತಾರೆ, ಬೆಂಚು ಮುರಿಯುತ್ತಾರೆ. ಹಾಗಾಗಿ ದನಿ ನಿಂತ ಕೂಡಲೇ ನಾನು ಮೈಕು ಹಿಡಿದು, ಆಪರೇಟರು ಮೆಷಿನ್ನು ಸರಿಮಾಡುವವರೆಗೆ ಏನಾದರೂ ಮಾತಾಡುತ್ತಿರಬೇಕು. "ನೀನು ಸುಮ್ಕಾದ್ರೆ ನನ್ ಟೆಂಟು ಸುಟ್ಟೋದಂಗೆ ಕಣ್ಲಾ" ಎನ್ನುತ್ತಿದ್ದರು ಟೆಂಟಿನ ಗೌಡರು.

ತಂಗಿ ಜಯ ನನ್ನ ಹಾಗಲ್ಲ. ಪಾಂಡವಪುರದಲ್ಲಿ ರೈಲು ಹತ್ತಿ ಮೈಸೂರಿಗೆ ಹೋಗಿ ಇಂಗ್ಲಿಷಿನಲ್ಲೇ ಎಂ.ಎ. ಮಾಡಿದಳು, ನನ್ನನ್ನು ಕೆಡವಿದ ಆ ಇಂಗ್ಲಿಷನ್ನು ಅವಳು ಕೆಡವಿ ಮೇಲೆ ಕೂತಳು. ಆಮೇಲೆ ಪಿಎಚ್.ಡಿ.ಗೆ ಹಿಡಿದದ್ದು ಆಫ್ರಿಕಾದ ಒಬ್ಬ ಹೆಂಗಸನ್ನು. ಕಾದಂಬರಿ ಬರೆದವರು, ಸಿನಿಮಾ ಮಾಡಿದವರು. ಹೆಸರನ್ನು ಜಯ ಎಷ್ಟು ಸಲ ಹೇಳಿಕೊಟ್ಟರೂ ನನ್ನ ನಾಲಿಗೆ ಹೊರಳಲಿಲ್ಲ. ತಪ್ಪಾಗಿ ಹೇಳುವುದಕ್ಕಿಂತ ಆಯಮ್ಮ ಎನ್ನುವುದೇ ಮರ್ಯಾದೆ.

ಭಾನುವಾರ ಬಂತೆಂದರೆ ತೊಣ್ಣೂರು ಕೆರೆ ಏರಿಯ ಮೇಲೆ ಕಡಲೆಕಾಯಿ ಬಿಡಿಸುತ್ತಾ ಅವಳು ಹೇಳುತ್ತಿದ್ದಳು, ನಾನು ಕೇಳುತ್ತಿದ್ದೆ. ಆಯಮ್ಮ ಹುಟ್ಟಿದ್ದು ಒಂದು ದೊಡ್ಡ ಹೊಳೆಯ ದಡದಲ್ಲಿ, ಕಡಲೆಕಾಯಿ ಬೆಳೆಯುವವರ ಮನೆಯಲ್ಲಿ.

"ಅಲ್ಲೂ ಕಡ್ಲೆಕಾಯ್ ಬೆಳೀತಾರೇನವ್ವ?"

"ಬೆಳೀತಾರೆ. ಮೊದ್ಲು ಬಾಯಲ್ಲಿರೋದ್ನ ನುಂಗಣ್ಣ."

ಪಾದ್ರಿಗಳ ಶಾಲೆಯಲ್ಲಿ ಓದಿ, ಬಂದರಿನ ಪಟ್ಟಣದಲ್ಲಿ ಟೈಪಿಸ್ಟ್ ಕೆಲಸಕ್ಕೆ ಸೇರಿ, ಸಾಹೇಬರು ಊಟಕ್ಕೆ ಹೋದ ಹೊತ್ತಿನಲ್ಲಿ ಅವರದೇ ಮೆಷಿನ್ನಿನಲ್ಲಿ ಆಯಮ್ಮ ಮೊದಲ ಕಾದಂಬರಿ ಕುಟ್ಟಿದರಂತೆ. ಅಚ್ಚಾಗಿದ್ದು ಸಮುದ್ರದಾಚೆಯ ದೇಶದಲ್ಲಿ. ಪೇಪರಿನವರು ಹೊಗಳಿದರು. ಆಯಮ್ಮ ಪುಸ್ತಕ ಹಿಡಿದು ಊರಿಗೆ ಓಡಿ, ತಾಯಿಯ ಮಡಿಲಿಗೆ ಹಾಕಿದರು. ಆ ತಾಯಿಗೆ ಅಕ್ಷರ ಬಾರದು. ಹಿಂದೆ ಮುಂದೆ ತಿರುಗಿಸಿ ನೋಡಿ ಅವರು ಕೇಳಿದ್ದನ್ನು ಜಯ ನಮ್ಮವ್ವನ ದನಿಯಲ್ಲೇ ಹೇಳುತ್ತಿದ್ದಳು: "ಇದ್ರಲ್ಲಿ ನಾ ಎಲ್ಲವ್ನಿ, ತೋರ್ಸು."

ತೋರಿಸಲಾಗಲಿಲ್ಲ. ಇನ್ನೂ ಮೂರು ಕಾದಂಬರಿ ಬರೆದರು. ಆ ಪ್ರಶ್ನೆ ಮಾತ್ರ ಬಿಡಲಿಲ್ಲ. ಕೊನೆಗೆ ತಲೆಗೂದಲು ನೆರೆಯುವ ವಯಸ್ಸಿನಲ್ಲಿ ಚಳಿದೇಶದ ಒಂದು ಶಾಲೆಗೆ ಹೋಗಿ, ಮಕ್ಕಳಂಥ ಹುಡುಗರ ಜೊತೆ ಕೂತು ಕ್ಯಾಮೆರಾ ಕಲಿತರು. ವಾಪಸು ಬಂದು ಸೋದರತ್ತೆ, ನೆರೆಯವರು, ಮೀನು ಮಾರುವವರನ್ನೇ ನಿಲ್ಲಿಸಿ ಸಿನಿಮಾ ತೆಗೆದರು. ಪಟ್ಟಣದ ಥಿಯೇಟರಿನವರು ಹಾಕುವುದಿಲ್ಲ ಎಂದರು. ಆಯಮ್ಮ ಲಾರಿಗೆ ಪ್ರೊಜೆಕ್ಟರು, ಜನರೇಟರು, ಬಿಳಿ ಬಟ್ಟೆ ಏರಿಸಿ ಹಳ್ಳಿಹಳ್ಳಿಗೆ ಹೊರಟೇಬಿಟ್ಟರು!

ನಾನು ಕೂತಲ್ಲಿಂದ ಎದ್ದು ನಿಂತೆ. "ಅಂಗಂದ್ರೆ ನಮ್ಮೋರೇ ಕಣವ್ವ! ಟೆಂಟ್‌ನೋರು!"

ಜಯ ಬಿದ್ದು ಬಿದ್ದು ನಕ್ಕಳು. ಆಟ ಮುಗಿದ ಮೇಲೆ ಆಯಮ್ಮ ಬಟ್ಟೆಯ ಮುಂದೆ ನಿಂತು, "ಏನು ಕಂಡಿರಿ?" ಎಂದು ಕೇಳುತ್ತಿದ್ದರಂತೆ. ಜನ ಹೇಳಿದ್ದನ್ನು ಕೇಳಿಸಿಕೊಂಡೇ ಮುಂದಿನ ಸಿನಿಮಾ ಯೋಚಿಸುತ್ತಿದ್ದರಂತೆ. ಜಯ ಅವರಿಗೆ ಕಾಗದ ಬರೆದಿದ್ದಳು. ನಿಮ್ಮ ಕಡೆಯ ಹಳ್ಳಿಯವರು ನನ್ನ ಸಿನಿಮಾ ನೋಡಿ ಏನಂದರೆಂದು ತಿಳಿಸು ಎಂದು ಅವರು ಉತ್ತರ ಬರೆದಿದ್ದರು. ಇವಳಿಗೆ ನೆಲದ ಮೇಲೆ ಕಾಲು ನಿಲ್ಲದು. ಫಿಲ್ಮ್ ಸೊಸೈಟಿಯವರನ್ನು ಕಾಡಿ, ಬೇಡಿ, ಒಂದೇ ಒಂದು ದಿನದ ಮಟ್ಟಿಗೆ ರೀಲು ಪಡೆದಳು. ಗೌಡರನ್ನು ಒಪ್ಪಿಸಿದವನು ನಾನು.

ಆವತ್ತಿನ ಪ್ರಚಾರದಂಥ ಪ್ರಚಾರ ನಾನು ಇನ್ನೊಂದು ಮಾಡಿಲ್ಲ. "ಆಫ್ರಿಕಾ ಖಂಡದಿಂದ ಕಿಕ್ಕೇರಿಗೆ ಪ್ರಪ್ರಥಮ ಬಾರಿಗೆ! ಇಂದು ಒಂದೇ ಒಂದು ಆಟ!"

ಬೇಲಿಯಾಚೆಯಿಂದ ಒಬ್ಬ ಮುದುಕ ಕೂಗಿದ: "ಸಿಂಹ ಅದೇನ್ಲಾ?"

"ಬಾ ತಾತ, ನೀನೇ ನೋಡೀವಂತೆ!"

ಸಂಜೆಗೆ ಟೆಂಟು ತುಂಬಿ, ಮಕ್ಕಳು ಪರದೆಯ ಬುಡಕ್ಕೇ ಹೋಗಿ ಕೂತಿದ್ದವು. ಪರದೆಯ ಅಡಿಯಲ್ಲಿ ಬರುವ ಇಂಗ್ಲಿಷನ್ನು ಓದುವವರು ಅಲ್ಲಿ ಯಾರೂ ಇರಲಿಲ್ಲ. ಜಯ ನನ್ನ ಪಕ್ಕ ಕೂತು ಕಿವಿಯಲ್ಲಿ ಕನ್ನಡ ಹೇಳುವುದು, ನಾನು ಅದನ್ನು ಮೈಕಿನಲ್ಲಿ ಆಡುವುದು ಎಂದು ಗೊತ್ತುಮಾಡಿಕೊಂಡಿದ್ದೆವು. ಕೊನೆಯ ದೃಶ್ಯದ ಬಗ್ಗೆ ಅವಳು ಮೊದಲೇ ಕೈ ಹಿಡಿದು ಹೇಳಿದ್ದಳು: "ಅಲ್ಲಿ ಮಾತೇ ಇಲ್ಲ ಅಣ್ಣ. ಸುಮ್ನಿದ್ಬುಡು. ಆಯಮ್ಮ ಕಾಗದದಲ್ಲಿ ಕೇಳಿರೋದೂ ಅದ್ನೇಯ, ಆ ಸೀನು ನೋಡಿ ಜನ ಏನಂದ್ರು ಅಂತ."

"ಆಯ್ತು ಕಣವ್ವ, ಉಸ್ರೂ ಬುಡಾಕಿಲ್ಲ."

ಕಥೆ ಒಬ್ಬ ಹೆಂಗಸಿನದು. ಗಂಡ ಹಡಗಿನ ಕೆಲಸಕ್ಕೆ ಹೋದವನು ಪತ್ತೆಯಿಲ್ಲ. ಅವಳು ಧಾನ್ಯ ಕುಟ್ಟುತ್ತಾಳೆ, ನೀರು ಹೊರುತ್ತಾಳೆ, ಮೀನು ಮಾರುತ್ತಾಳೆ, ಅತ್ತೆಯ ಕಾಲು ಒತ್ತುತ್ತಾಳೆ. ನಮ್ಮ ಜನ ಕರಗಿಹೋದರು. "ಅಯ್ಯೋ, ನಮ್ ಪಾಡೇ ಅಲ್ವೇನೇ ಇದು" ಎಂದು ಹೆಂಗಸರ ಕಡೆಯಿಂದ ಯಾರೋ ಅಂದರು. ಜಯ ಖುಷಿಗೆ ನನ್ನ ತೋಳು ಚಿವುಟಿದಳು.

ಕೊನೆಯ ದೃಶ್ಯ ಬಂತು. ಅವಳು ಕೈಕಾಲು ತೊಳೆದು ಹೊಸ್ತಿಲ ಮೇಲೆ ಕೂತಳು. ಮಾತಿಲ್ಲ, ಸಂಗೀತವಿಲ್ಲ. ಸುಮ್ಮನೆ ಕೂತೇ ಇದ್ದಾಳೆ. ಹಿಂದಿನಿಂದ ಒಬ್ಬ "ಸೌಂಡೂ!" ಎಂದ. ಇನ್ನೊಬ್ಬ ಶಿಳ್ಳೆ ಹಾಕಿದ. ಮರಳು ಎರಚುವ ಸದ್ದು ಕೇಳಿತು. ನನ್ನ ಕೈ ಮೈಕಿಗೆ ಹೋಯಿತು. ಜಯ ಮಣಿಕಟ್ಟು ಹಿಡಿದಳು, ಕೊಸರಿಕೊಂಡೆ.

"ಅಗೋ! ದೂರದಲ್ಲಿ ಬರುತ್ತಿರುವುದು ಯಾರು? ಹಡಗಿನಿಂದ ಗಂಡ ಬಂದ!" ಎಂದೆ. ಟೆಂಟು ಒಂದೇ ಸಲಕ್ಕೆ ಸ್ತಬ್ಧವಾಯಿತು. ದನಿ ಬದಲಿಸಿ ಗಂಡನಾದೆ: "ಬಂದೆ ಕಣಮ್ಮಿ! ಒಟ್ಟೆ ಅಸೀತದೆ, ಏನ್ ಮಾಡಿದ್ದೀಯೆ?" ಅದೇ ಗಳಿಗೆಗೆ ಪರದೆಯ ಮೇಲೆ ಅವಳು ಸಣ್ಣಗೆ ನಕ್ಕಳು. ಸಿನಿಮಾ ಮುಗಿಯಿತು. ಆ ಚಪ್ಪಾಳೆ, ಆ ಕೇಕೆ! ಗೌಡರು ಓಡಿಬಂದು ನನ್ನ ಬೆನ್ನು ತಟ್ಟಿದರು.

ಜಯ ಪರದೆಯ ಮುಂದೆ ನಿಂತು, "ಏನ್ ಕಂಡ್ರಿ, ಹೇಳಿ" ಎಂದು ಕೇಳಿದಳು.

"ಗಂಡ ಬಂದ್ನಲ್ಲ, ಒಳ್ಳೇದಾಯ್ತು ಬುಡವ್ವ" ಎಂದಳು ಮುಂದೆ ಕೂತಿದ್ದ ಒಬ್ಬ ಅಜ್ಜಿ.

"ಸಿಂಹ ಬರ್ನೇ ಇಲ್ವಲ್ಲ!" ಎಂದ ಆ ಮುದುಕ. ಎಲ್ಲರೂ ನಕ್ಕು ಎದ್ದರು.

ಜಯ ನನ್ನ ಬಳಿ ಬಂದು ಹೇಳಿದ್ದು ಒಂದೇ ಮಾತು. "ಇವ್ರು ಆಯಮ್ಮನ ಸಿನ್ಮಾ ನೋಡ್ಲಿಲ್ಲ ಅಣ್ಣ. ನಿನ್ ಮಾತ್ ಕೇಳುದ್ರು."

ಗಲಾಟೆಗೆ ಹೆದರಿ ಮಾತಾಡಿದೆ ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೇನೆ. ಅದು ಅರ್ಧ ಸತ್ಯ. ಹೆದರಿದ್ದು ಮೊದಲ ಮಾತಿಗೆ ಮಾತ್ರ. ಗಂಡನ ದನಿ ಎತ್ತುವ ಹೊತ್ತಿಗೆ ನನಗೆ ಜನ ಬೇಕಾಗಿದ್ದರು, ತಂಗಿ ಬೇಕಾಗಿರಲಿಲ್ಲ. ಮರುದಿನ ಟೀ ಅಂಗಡಿಯಲ್ಲಿ, "ಕ್ಲೈಮ್ಯಾಕ್ಸು ನಂದೇ" ಎಂದು ಮೀಸೆ ತಿರುವಿದೆ. ಜಯ ಆಯಮ್ಮನಿಗೆ ಬರೆಯಲೇ ಇಲ್ಲ. ಏನೆಂದು ಬರೆಯುತ್ತಾಳೆ? ಪಿಎಚ್.ಡಿ. ಆಯಿತು, ಲೆಕ್ಚರರ್ ಆದಳು, ನನ್ನ ಮಕ್ಕಳ ಫೀಸು ಕಟ್ಟಿದಳು. ಆದರೆ ನನ್ನ ಮುಂದೆ ಮತ್ತೆಂದೂ ಆಯಮ್ಮನ ಮಾತೆತ್ತಲಿಲ್ಲ.

ಮೊನ್ನೆ ಆಟೋ ಹೋದ ಮೇಲೆ ನನಗೆ ಊರಿನ ಬಸ್ಸು ಹತ್ತಲಾಗಲಿಲ್ಲ. ಶ್ರೀರಂಗಪಟ್ಟಣದ ಬಸ್ಸು ಹತ್ತಿ ಜಯಳ ಮನೆ ಬಾಗಿಲು ತಟ್ಟಿದೆ. "ಆ ಸಿನ್ಮಾ ಇನ್ನೊಂದ್ಸಲ ತೋರುಸ್ತೀಯೇನವ್ವ?" ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ತಾನು ತರಿಸಿಟ್ಟುಕೊಂಡಿದ್ದ ಸಿ.ಡಿ. ಹುಡುಕಿ ಟಿ.ವಿ.ಗೆ ಹಾಕಿದಳು.

ಎಷ್ಟೊಂದು ಇತ್ತು ಅದರಲ್ಲಿ! ಹೊಳೆಯ ಸದ್ದು, ಒನಕೆಯ ಸದ್ದು, ಅವಳ ಏದುಸಿರು. ಎಲ್ಲದರ ಮೇಲೂ ಅಂದು ನಾನು ಮಾತು ಸುರಿದಿದ್ದೆ. ಕೊನೆಗೆ ಅವಳು ಹೊಸ್ತಿಲ ಮೇಲೆ ಕೂತಳು. ಎಲ್ಲೋ ಒಂದು ಕೋಳಿ ಕೂಗಿತು. ಅವಳ ಬಿಗಿದ ಬೆರಳುಗಳು ಬಿಡಿಸಿಕೊಂಡವು, ಭುಜ ಇಳಿಯಿತು. ಆಗ ನಕ್ಕಳು.

"ಜಯಾ, ಅವ್ಳು ಯಾರ್ಗೂ ಕಾಯ್ತಾ ಇಲ್ಲ ಕಣವ್ವ! ಇಡೀ ಸಿನ್ಮಾದಲ್ಲಿ ಸುಮ್ನೆ ಕೂತಿದ್ದು ಇದೇ ಮೊದ್ಲು! ಕೂತ್ಕಂಡೆ ಅಂತ ನಗ್ತಾವ್ಳೆ. ನಾನು ಗಂಡನ್ನ ಕರ್ಕಬಂದು, ಒಟ್ಟೆ ಅಸೀತದೆ ಅಂತ ಮತ್ತೆ ಒಲೆ ಮುಂದಕ್ಕೇ ಅಟ್ಬುಟ್ನಲ್ಲ!"

 ಜಯ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ಅವತ್ತು ಟೆಂಟ್‌ನಲ್ಲಿ ಒಬ್ರಾದ್ರೂ ಇಂಗೆ ಅಂತಾರೆ ಅಂತ ಕಾಯ್ತಿದ್ದೆ ಅಣ್ಣ."

"ಆಯಮ್ಮ ಬದುಕವ್ರಾ?"

"ಅವ್ರೆ. ಬಾಳ ವಯಸ್ಸಾಗದೆ. ಕಾಗದ ಬಂದ್ರೆ ಮಗಳು ಓದಿ ಹೇಳ್ತಾಳಂತೆ."

"ಅಂಗಾರೆ ಬರಿ! ಈಗ್ಲೇ ಬರಿ! ಮೊದ್ಲು ನಾ ಕೆಡಿಸಿದ್ದು ಬರಿ, ಆಮೇಲೆ ಇದ್ನ ಬರಿ!"

"ನಿಧಾನಕ್ಕೆ ಹೇಳು" ಎಂದು ಅವಳು ಕಂಪ್ಯೂಟರ್ ತೆರೆದಳು. ನನ್ನ ಗಂಟಲಿನಲ್ಲಿ ಮಾತು ನುಗ್ಗಿ ನುಗ್ಗಿ ಬರುತ್ತಿತ್ತು. ಒಂದು ವಾಕ್ಯ ಹೇಳಿದೆ. ಅವಳು ಅದನ್ನು ಇಂಗ್ಲಿಷಿಗೆ ತರುತ್ತಾ ಒಂದು ಪದಕ್ಕಾಗಿ ತಡೆದು ಯೋಚಿಸಿದಳು. ನಾನು ಅವಳ ಬೆರಳುಗಳನ್ನೇ ನೋಡುತ್ತಾ ಕೂತೆ. ಅವು ಮತ್ತೆ ಆಡಿ ನಿಂತವು. ಅವಳು ನನ್ನತ್ತ ತಿರುಗಿದ ಮೇಲೆಯೇ ಎರಡನೆಯ ವಾಕ್ಯಕ್ಕೆ ಬಾಯಿ ತೆರೆದೆ.