ಕಲಾಯಿ ಚಾಚಾನ ಹಿತ್ತಾಳೆ ಇಂಜಿನ್ನು

ಮೊನ್ನೆ ಸದಾಶಿವನಗರದ ನಮ್ಮ ಪಕ್ಕದ ಮನೆಯವರು ಹಳೇ ಪಾತ್ರೆಗಳಿಗೆ ಕಲಾಯಿ ಹಾಕಿಸುತ್ತಿದ್ದರು. ನವಸಾಗರದ ಬಿಳಿ ಹೊಗೆ ಕಿಟಕಿಯಿಂದ ಒಳಗೆ ಬಂದು ಮೂಗಿಗೆ ಅಡರಿದ್ದೇ ತಡ, ನಾನು ಗುಬ್ಬಿಯ ಕಲಾಯಿ ಚಾಚಾನ ಹಿತ್ತಲಲ್ಲಿದ್ದೆ...

ಆ ಮಧ್ಯಾಹ್ನ ಅಲ್ಲಿದ್ದದ್ದು ಮೂವರೇ. ಚಾಚಾ, ಅವರ ಅಣ್ಣ, ಮತ್ತು ಪಕ್ಕದಲ್ಲಿ ಬಾಡಿಗೆಗಿದ್ದ ಸ್ಕೂಲು ಮೇಷ್ಟ್ರು ನಾನು. ಅಣ್ಣ ಉಗಿ ಇಂಜಿನ್ನಿನ ಡ್ರೈವರಾಗಿದ್ದವರು. ತೊಂಬತ್ತರ ದಶಕದಲ್ಲಿ ಗುಬ್ಬಿಯ ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕಿದರು, ಉಗಿ ಗಾಡಿ ನಿಂತುಹೋಯಿತು. ಆಮೇಲೆ ಲಕ್ವ ಹೊಡೆದು ಅಣ್ಣನ ಮಾತೂ ಹೋಯಿತು. ಆದರೂ ದಿನಾ ಮೂರು ಗಂಟೆಗೆ ಅವರ ಎಡಗೈ ಮೇಲೆದ್ದು ಇಂಜಿನ್ ಸೀಟಿಯ ಕಾಣದ ಹಗ್ಗವೊಂದನ್ನು ಎಳೆಯುತ್ತಿತ್ತು. ಅಣ್ಣ ಕಣ್ಣು ಮುಚ್ಚುವ ಮೊದಲು ಆ ಕೂಗನ್ನೊಮ್ಮೆ ಕೇಳಿಸಬೇಕೆಂದು ಚಾಚಾ ಎರಡು ವರ್ಷ ಕೂತು ಮೊಳದುದ್ದದ ಹಿತ್ತಾಳೆ ಇಂಜಿನ್ ಮಾಡಿದ್ದರು. ಪಾತ್ರೆ ಬಡಿದು ಬಡಿದು ಅವರ ಕಿವಿ ಮಂದವಾಗಿತ್ತು. ಕೂಗಿತೋ ಇಲ್ಲವೋ ಹೇಳಲಿಕ್ಕೆಂದೇ ನನ್ನನ್ನು ಕರೆದಿದ್ದರು.

"ಟಿಕೆಟ್ ತಗೊಂಡ್ರಾ ಭಾಯಿಜಾನ್? ಡ್ರೈವರಂತ ನನ್ ಗಾಡೀಲಿ ಬಿಟ್ಟಿ ಬಿಡಲ್ಲ," ಎನ್ನುತ್ತಾ ಚಾಚಾ ಸ್ಪಿರಿಟ್ ದೀಪ ಹಚ್ಚಿದರು. ಅಣ್ಣನ ತುಟಿ ಒಂದು ಕಡೆ ನಕ್ಕಿತು.

ಬಾಯ್ಲರಿಗೆ ಬೆಳ್ಳಿ ಬೆಸುಗೆ ಹಾಕಬೇಕಿತ್ತು. ಜೀವಮಾನವೆಲ್ಲ ಪಾತ್ರೆಗೆ ತವರ ಬಳಿದ ಕೈ, ಇಲ್ಲಿಯೂ ತವರವನ್ನೇ ಹಾಕಿತ್ತು. ಬಿಸಿಯೇರಿದಂತೆ ಅದು ಕರಗಿ, ನೀರೆಲ್ಲ ಸುರಿದು, ದೀಪ ಆರಿಹೋಯಿತು.

ಆಗಲೇ ಅಣ್ಣನ ಎಡಗೈ ಮೇಲೆದ್ದಿತು, ಎಳೆಯಿತು. ಬೆಂಕಿಯಿಲ್ಲ, ನೀರಿಲ್ಲ... ಆ ಖಾಲಿ ಇಂಜಿನ್ನು ಕೂಗಿತು. ಪುಟ್ಟ ಸೀಟಿಯ ಕೀರಲಲ್ಲ, ಹಳೇ ರೈಲಿನ ಉದ್ದನೆಯ ಕೂಗು. ಗೂಡಿನ ಕೋಳಿಗಳು ಗಪ್‌ಚಿಪ್ಪಾದವು.

"ಕೂಗ್ತಾ ಮೇಷ್ಟ್ರೇ?"

ನಾನು ಇಲ್ಲವೆಂದು ತಲೆಯಾಡಿಸಿಬಿಟ್ಟೆ. ಯಾಕೋ... ಹೌದೆಂದರೆ ಮತ್ತೆ ಕೂಗೀತೆಂಬ ಹೆದರಿಕೆಯಿರಬೇಕು. ಅಣ್ಣನ ಕಣ್ಣು ತುಂಬಿತ್ತು, ನನ್ನನ್ನೇ ನೋಡುತ್ತಿದ್ದರು.

"ತವರ ಹಾಕ್ಬುಟ್ಟೆ, ಕತ್ತೆ ನಾನು. ನಾಳೆ ಬೆಳ್ಳಿ ಹಾಕ್ತೀನಿ ಬುಡಿ ಭಾಯಿಜಾನ್," ಎಂದರು ಚಾಚಾ.

ಮರುದಿನ ಬೆಳಿಗ್ಗೆಯೇ ಅಣ್ಣ ತೀರಿಕೊಂಡರು.

ನಲವತ್ತನೆಯ ದಿನದ ಫಾತಿಹಾ ಮುಗಿದ ಮೇಲೆ ಚಾಚಾ ಮತ್ತೆ ನನ್ನನ್ನು ಕರೆದರು. ಬೆಳ್ಳಿ ಬೆಸುಗೆ ಗಟ್ಟಿಯಾಗಿತ್ತು, ಚಕ್ರಗಳು ತಿರುಗಿದವು, ಸೀಟಿಯ ಬಾಯಿಂದ ಉಗಿ ಬೆಳ್ಳಗೆ ಚಿಮ್ಮಿತು. ಸದ್ದು ಮಾತ್ರ ಎಳ್ಳಷ್ಟೂ ಇಲ್ಲ. ಚಾಚಾ ಖಾಲಿ ಕುರ್ಚಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಕೂಗ್ತು ಚಾಚಾ," ಎಂದೆ, ಅವರ ಕಿವಿಯ ಹತ್ತಿರ ಬಾಗಿ.

ಈಗ ಚಾಚಾ ಇಲ್ಲ. ಭಾಯಿಜಾನ್ ಕೇಳಿಸಿಕೊಂಡೇ ಹೋದರೆಂದು ನಾನು ಅವರಿಗೆ ಹೇಳಲೇ ಇಲ್ಲ. ಆ ಬೇಸಿಗೆ ನನಗೆ ಕುಣಿಗಲಿಗೆ ವರ್ಗವಾಯಿತು. ಹೊರಡುವ ದಿನ ಚಾಚಾ ಬಸ್‌ಸ್ಟ್ಯಾಂಡಿಗೆ ಬಂದು, ನನ್ನ ಟ್ರಂಕನ್ನು ಮೇಲೆ ಹತ್ತಿಸಿ, ಬಸ್ಸು ಹೊರಡುವವರೆಗೂ ನಿಂತಿದ್ದರು.