ಒಂದು ಇಲ್ಲಿಗೆ, ಒಂದು ಪಾರ್ಸಲ್

...ಆದರೆ ಆಗ ಎಲ್ಲರೂ ಮಾಸ್ಕ್ ಹಾಕಿಕೊಂಡಿದ್ದೆವು ಎಂದಾದರೆ, ಹೋಟೆಲಿನವನು ಆ ಮಾತು ಆಡಿದ ಕೂಡಲೇ ಅಪ್ಪನ ಬಾಯಿ ಅರ್ಧ ತೆರೆದು ಹಾಗೇ ನಿಂತದ್ದು ನನಗೆ ಕಂಡದ್ದು ಹೇಗೆ? ನನ್ನ ನೆನಪಿನಲ್ಲಿ ಅಪ್ಪನ ಮುಖಕ್ಕೆ ಮಾಸ್ಕೂ ಇದೆ, ತೆರೆದ ಬಾಯಿಯೂ ಇದೆ. ಎರಡರಲ್ಲಿ ಒಂದು ಸುಳ್ಳು. ಹೆಂಡತಿಯನ್ನು ಕೇಳಿದರೆ, "ಮಾವ ಮನೆ ಮುಂದೆ ಯಾವತ್ತು ಮಾಸ್ಕ್ ಹಾಕಿದ್ರು? ಒಂದು ಕಿವಿಗೆ ನೇತಾಕ್ಕೊಂಡು ತಿರುಗ್ತಿದ್ರು" ಎಂದಳು. ಇರಬಹುದು. ಅದು ಮೊದಲನೇ ಲಾಕ್‌ಡೌನೋ ಎರಡನೆಯದೋ ಅನ್ನುವುದೂ ನಮ್ಮಿಬ್ಬರ ನಡುವೆ ಇನ್ನೂ ತೀರ್ಮಾನವಾಗಿಲ್ಲ. ಅಂಗಡಿಗಳು ಬೆಳಿಗ್ಗೆ ಹತ್ತಕ್ಕೇ ಮುಚ್ಚುತ್ತಿದ್ದವು ಅನ್ನುವುದು ನನ್ನ ನೆನಪು. ಅದು ಎರಡನೆಯದರ ಲಕ್ಷಣ. ಬೀದಿಯ ಎರಡೂ ತುದಿಗೆ ಜಾಲಿಮುಳ್ಳು ಎಳೆದು ಹಾಕಿದ್ದರು ಅನ್ನುವುದು ಅವಳ ನೆನಪು, ಅದು ಮೊದಲನೆಯದರದು. ಎರಡನ್ನೂ ಇಟ್ಟುಕೊಂಡೇ ಬರೆಯುತ್ತೇನೆ. ಮುಳ್ಳು ಇದ್ದರೆ ಹೋಟೆಲಿನವನ ಮೊಪೆಡ್ ಬೀದಿಯೊಳಕ್ಕೆ ಬಂದದ್ದು ಹೇಗೆ ಎಂದು ಮಾತ್ರ ಕೇಳಬೇಡಿ.

ಅನುಮಾನವಿಲ್ಲದೆ ಹೇಳಬಹುದಾದದ್ದು ಅಪ್ಪನ ಖರ್ಚಿನ ರೀತಿ. ಅಪ್ಪ ನೀರಾವರಿ ಇಲಾಖೆಯಲ್ಲಿ ಸೌಡಿಯಾಗಿದ್ದವನು. ನಾಲೆಯ ತೂಬು ಎತ್ತಿ ಇಳಿಸಿ, ಇವತ್ತು ಈ ಗದ್ದೆಗೆ ನೀರು, ನಾಳೆ ಆ ಗದ್ದೆಗೆ ಎಂದು ಸರದಿ ನಡೆಸುವ ಕೆಲಸ. ನಿವೃತ್ತನಾದ ಮೇಲೆ ಮಳವಳ್ಳಿಯ ನಮ್ಮ ಮನೆಯಲ್ಲಿ ತೂಬು ಇರಲಿಲ್ಲವಾದ್ದರಿಂದ ಪಿಂಚಣಿಯನ್ನೇ ಎತ್ತಿ ಇಳಿಸತೊಡಗಿದ. ಈ ವಾರ ಎಣ್ಣೆ ಬಂದರೆ ಸೋಪು ಮುಂದಿನ ವಾರ. ಎಣ್ಣೆ, ಸೋಪು ಎರಡೂ ಒಂದೇ ವಾರ ನಮ್ಮ ಮನೆಯ ಹೊಸಿಲು ದಾಟಿದ್ದನ್ನು ನಾನು ನೋಡಿಲ್ಲ. ಇದೆಲ್ಲದರ ಮೇಲೆ ಇನ್ನೊಂದು ಕಾನೂನು: ಹೋಟೆಲಿನಲ್ಲಿ ತಿನ್ನಕೂಡದು. ಯಾರಾದರೂ ಆ ಕಡೆ ಕಣ್ಣು ಹಾಯಿಸಿದರೆ ಅಪ್ಪ ಕೇಳುವುದು ಒಂದೇ ಪ್ರಶ್ನೆ, "ಮನೇಲಿ ಒಲೆ ಇಲ್ವಾ?"

ಅವ್ವ ಈ ಕಾನೂನನ್ನು ನಂಬಿ ಬದುಕಿದವಳು. ನಂಬಿದ್ದಷ್ಟೇ ಅಲ್ಲ, ಬೀದಿಯ ಹೆಂಗಸರ ಮುಂದೆ ಅದನ್ನು ಒಡವೆಯ ಹಾಗೆ ತೊಟ್ಟು ತೋರಿಸುತ್ತಿದ್ದಳು. "ನಮ್ಮನೇವ್ರು ಆಚೆ ಒಂದ್ ಲೋಟ ಟೀನೂ ಕುಡಿಯಾಕಿಲ್ಲ. ರಾತ್ರಿ ಒಂದ್ ಮುದ್ದೆ, ಅಷ್ಟೇ ಕಣಮ್ಮ."

ಲಾಕ್‌ಡೌನ್ ಶುರುವಾದ ಕೆಲವೇ ದಿನಕ್ಕೆ ಆ ಮನುಷ್ಯನಿಗೆ ಸಂಜೆ ಹೊತ್ತು ಹಸಿವಾಗತೊಡಗಿತು. ನಾಲ್ಕೂವರೆಯಾಯಿತೆಂದರೆ ಅಡುಗೆಮನೆಗೆ ನುಗ್ಗಿ ಒಂದೊಂದೇ ಡಬ್ಬದ ಮುಚ್ಚಳ ತೆಗೆದು ಮೂಸುತ್ತಿದ್ದ. ಕೊರೊನಾ ಬಂದರೆ ವಾಸನೆ ಗೊತ್ತಾಗುವುದಿಲ್ಲ ಎಂದು ಟಿವಿಯಲ್ಲಿ ಹೇಳುತ್ತಿದ್ದ ಕಾಲ. ಪರೀಕ್ಷೆ ಮಾಡಿಕೊಳ್ಳುತ್ತಿದ್ದಾನೆ ಎಂದುಕೊಂಡೆವು. ಆದರೆ ಮೂಸಿದ ಡಬ್ಬಗಳು ಖಾಲಿಯಾಗುತ್ತಿದ್ದವು. ಹುರಿಗಡಲೆ ಮುಗಿಯಿತು, ಬೆಲ್ಲ ಮುಗಿಯಿತು, ಸಾರಿಗೆಂದು ಇಟ್ಟಿದ್ದ ಕೊಬ್ಬರಿ ಮುಗಿಯಿತು. ಅವ್ವ ಗಾಬರಿಯಾಗಿ, "ಅಲ್ಲಾ, ಇಷ್ಟ್ ವರ್ಸದಿಂದ ಇಲ್ದಿದ್ ಅಸಿವು ಈಗೆಲ್ಲಿಂದ ಬಂತು?" ಅಂದಳು. "ಮನೇಲೇ ಬಿದ್ದಿವ್ನಲ್ಲಮ್ಮಿ, ಒಟ್ಟೆ ತಾನೇ ಎಷ್ಟೊತ್ತು ಸುಮ್ನಿದ್ದಾದು?" ಅಂದ ಅಪ್ಪ.

ಹೋಟೆಲಿನವನು ಬಂದದ್ದು ಇದಾದ ಮೇಲೆ. ಊರಿನ ಹೋಟೆಲುಗಳೆಲ್ಲ ಬಾಗಿಲು ಹಾಕಿದ್ದವು. ಬಸ್ ಸ್ಟ್ಯಾಂಡ್ ಹತ್ತಿರದ ಸಣ್ಣ ಹೋಟೆಲೊಂದರವನು ದೋಸೆಹಿಟ್ಟನ್ನು ಪ್ಯಾಕೆಟ್ ಕಟ್ಟಿ, ಮೊಪೆಡ್ ಮೇಲೆ ಬೀದಿ ಬೀದಿ ಮಾರುತ್ತಿದ್ದ. ಅವ್ವ ಬೇಸಿನ್ ಹಿಡಿದು ಬಾಗಿಲಿಗೆ ಹೋದಳು. ಅವಳ ಹಿಂದೆ ಬಂದ ಅಪ್ಪ, ಯಾರು ಎಂದು ನೋಡಿ, ತಿರುಗಿ ಒಳಗೆ ಹೋಗಲು ಒಂದು ಹೆಜ್ಜೆ ಎತ್ತಿದ. ತಡವಾಗಿತ್ತು.

"ಓಹೋ ಸೌಡ್ಯಣ್ಣ! ನಿಮ್ ಮನೆ ಇಲ್ಲೇನಾ! ಒಂದು ಇಲ್ಲಿಗೆ, ಒಂದು ಪಾರ್ಸಲ್ ಅಂತ ನಿಮ್ ದನಿ ಕೇಳ್ದೆ ನಂಗೆ ಸಂಜೆ ಆದಂಗೇ ಆಗ್ತಿಲ್ಲ ಕಣಣ್ಣ."

"ಏನು ಒಂದು ಇಲ್ಲಿಗೆ?" ಅಂದಳು ಅವ್ವ.

"ಮಸಾಲೆ ದೋಸೆ ಕಣಕ್ಕ. ದಿನಾ ಬತ್ತಿದ್ರಲ್ಲ, ನಮ್ಮಪ್ಪ ಗಲ್ಲಾದಲ್ಲಿ ಕೂತ್ಕತಿದ್ದ ಕಾಲದಿಂದ್ಲೂ. ಒಂದಿನ ತಪ್ಪಿಸ್ದೋರಲ್ಲ." ಇಷ್ಟು ಹೇಳಿ, ಹಳೇ ಗಿರಾಕಿಯ ಮನೆ ಎಂದು ಒಂದು ಪ್ಯಾಕೆಟ್ ಹಿಟ್ಟು ಪುಕ್ಕಟೆ ಕೊಟ್ಟು ಹೋದ. ಅಪ್ಪನ ಬಾಯಿ ತೆರೆದದ್ದು ಇಲ್ಲಿ. ಮಾಸ್ಕಿನ ವಿಷಯ ಆಗಲೇ ಹೇಳಿದ್ದೇನೆ.

ಅವ್ವ ಹಿಟ್ಟನ್ನು ಪಾತ್ರೆಗೆ ಸುರಿದು, ಪ್ಯಾಕೆಟ್ಟಿಗೆ ಅಂಟಿದ್ದನ್ನೂ ಬಳಿದು ಹಾಕಿ, ಕೈ ತೊಳೆದು ಬಂದಳು. ನಾನು ಕಾಯುತ್ತಿದ್ದದ್ದು ದುಡ್ಡಿನ ಜಗಳವನ್ನು. ಇಷ್ಟು ವರ್ಷದ ದೋಸೆಗೆ ಎಷ್ಟು ಸೋಪು ಬರುತ್ತಿತ್ತು ಎಂದು ಕೇಳುತ್ತಾಳೆ ಅಂದುಕೊಂಡಿದ್ದೆ. ಅವಳು ಆ ಸುದ್ದಿಗೇ ಹೋಗಲಿಲ್ಲ.

"ಇಲ್ಲಿಗೆ ಅಂದಿದ್ದು ನಿಮ್ ಒಟ್ಟೆಗೋಯ್ತು. ಆಯ್ತು. ಆ ಪಾರ್ಸಲ್ಲು ಯಾರ್ಗೆ?"

"ಯಾರ್ಗೂ ಇಲ್ಲ. ನಾನೇ ತಿಂತಿದ್ದೆ. ಒಂದು ಸಾಲ್ತಿರ್ನಿಲ್ಲ."

"ಅಂಗಾರೆ ಎಲ್ಡೂ ಅಲ್ಲೇ ಕೂತ್ಕಂಡು ತಿನ್ಬೋದಿತ್ತಲ್ಲ?"

"ಜನ ಏನಂದ್ಕಂಡಾರು? ಸೌಡಿ ಎಲ್ಡೆಲ್ಡು ದೋಸೆ ಬಾರಿಸ್ತಾನೆ ಅಂತ ನಾಲೆಗುಂಟ ಸುದ್ದಿ ಆಗಾಕೆ?"

"ಮಂಡ್ಯದ ಆಸ್ಪತ್ರೆಯಿಂದ ಬರ್ಬೇಕಾದ್ರೆ ಬಸ್ ಸ್ಟ್ಯಾಂಡ್ ತಾವ ನಿಂತ್ಕಂಡು ನಾನು ಕೇಳ್ದೆ, ಒಂದ್ ದೋಸೆ ತಿನ್ನಾನ ಅಂತ. ಗೆಪ್ತಿ ಅದಾ? ಮನೇಲಿ ಒಲೆ ಇಲ್ವಾ ಅಂದ್ರಿ. ಅವತ್ತು ಸಂಜೇನೂ ಯಾರ್ಗೋ ಒಂದು ಓಗಿರ್ತದೆ."

ಅಪ್ಪ ಕಿವಿಯಲ್ಲಿ ನೇತಾಡುತ್ತಿದ್ದ ಮಾಸ್ಕನ್ನು ಬಾಯಿಗೆ ಏರಿಸಿಕೊಂಡ. ಇದು ನಾನು ಕಟ್ಟಿದ ಮಾತಲ್ಲ, ಹೆಂಡತಿಯೂ ಒಪ್ಪುತ್ತಾಳೆ. ಅವ್ವನಿಗೆ ಅವತ್ತಿನಿಂದ ಬೇಕಾಗಿದ್ದದ್ದು ಒಂದೇ ಸಂಗತಿ: ತನಗೆ ಒಂದು ದಿನವೂ ಕೊಡಿಸದ ದೋಸೆಯನ್ನು ಈ ಮನುಷ್ಯ ದಿನಾ ಕಟ್ಟಿಸಿಕೊಂಡು ಹೋಗಿ ಕೊಟ್ಟದ್ದು ಯಾರಿಗೆ.

ಮಾರನೇ ಸಂಜೆ ಸರಿಯಾಗಿ ನಾಲ್ಕೂವರೆಗೆ ಅಪ್ಪನ ಮುಂದೆ ತಟ್ಟೆ ಬಂತು. ಅದರಲ್ಲಿ ಒಂದು ಮಸಾಲೆ ದೋಸೆ, ಒಳಗೆ ಕೆಂಪು ಚಟ್ನಿ, ಆಲೂಗಡ್ಡೆ ಪಲ್ಯ. ತಟ್ಟೆಯ ಪಕ್ಕಕ್ಕೆ ಬಾಳೆಲೆಯಲ್ಲಿ ಸುತ್ತಿ, ಮೇಲೆ ಪೇಪರ್ ಹಾಕಿ, ದಾರ ಕಟ್ಟಿದ ಒಂದು ಪೊಟ್ಟಣ.

"ತಕಳಿ. ಒಂದು ಇಲ್ಲಿಗೆ, ಒಂದು ಪಾರ್ಸಲ್ಲು."

ನನ್ನ ಹೆಂಡತಿ ನಗು ತಡೆಯಲಾರದೆ ಹಿತ್ತಲಿಗೆ ಓಡಿದಳು. ಅಪ್ಪ ತಟ್ಟೆಯದನ್ನು ತಿಂದ, ದಾರ ಬಿಚ್ಚಿದ, ಪೊಟ್ಟಣದ್ದನ್ನೂ ತಿಂದ. ಬೇರೆ ದಾರಿ ಇರಲಿಲ್ಲ. ಎರಡನೆಯದನ್ನು ಬಿಟ್ಟರೆ ಅದನ್ನು ತಿನ್ನುವವರು ಬೇರೆ ಯಾರೋ ಇದ್ದಾರೆ ಎಂದು ಒಪ್ಪಿಕೊಂಡಂತಾಗುತ್ತಿತ್ತು. ಆಮೇಲೆ ಜಗುಲಿಯ ಮೇಲೆ ಅತ್ತಿತ್ತ ತಿರುಗುತ್ತಾ, ಯಾರೂ ಕೇಳದಿದ್ದರೂ, "ಇನ್ನೊಂದಿದ್ರೂ ಇಳೀತಿತ್ತು" ಅಂದ. ಅವ್ವ ಒಳಗಿನಿಂದ, "ನಾಳೀಕೆ ಮೂರು ಉಯ್ಲಾ?" ಅಂದಳು. ಅಪ್ಪ ತಿರುಗುವುದನ್ನು ನಿಲ್ಲಿಸಿದ.

ಇದು ಎಷ್ಟು ದಿನ ನಡೆಯಿತು? ನನ್ನ ಪ್ರಕಾರ ಒಂಬತ್ತು ದಿನ. ಹೆಂಡತಿ ನಾಲ್ಕೇ ಅನ್ನುತ್ತಾಳೆ. ಅವ್ವನನ್ನು ಕೇಳಿದರೆ ಒಂದು ತಿಂಗಳು. ಒಂಬತ್ತು ಅನ್ನುವುದು ಕಥೆಗೆ ಚೆನ್ನಾಗಿ ಕೂರುತ್ತದೆ, ಅದಕ್ಕೇ ನನಗೆ ಅದರ ಮೇಲೆ ಅನುಮಾನ. ಆದರೆ ಮನೆಯ ಸರದಿ ಕುಸಿದುಬಿದ್ದದ್ದು ನಿಜ. ಆ ತಿಂಗಳು ಬೇರೆಯವರಿಗೆ ಬಸ್ಸಿನ ಖರ್ಚಿಲ್ಲ, ಪೆಟ್ರೋಲ್ ಇಲ್ಲ, ಮದುವೆಗೆ ಮುಯ್ಯಿ ಮಾಡುವುದಿಲ್ಲ, ಚಪ್ಪಲಿ ಕೂಡ ಸವೆಯುವುದಿಲ್ಲ. ಊರಿನವರಿಗೆಲ್ಲ ಮಿಕ್ಕಿದ್ದು ನಮ್ಮ ಮನೆಯಲ್ಲಿ ಕಾವಲಿಯ ಮೇಲೆ ಹೋಯಿತು. ಎಣ್ಣೆ, ಆಲೂಗಡ್ಡೆ, ಈರುಳ್ಳಿ, ಹಿಟ್ಟು ಎಲ್ಲವೂ ಒಂದೇ ವಾರ ಬಂದವು, ಮುಂದಿನ ವಾರ ಮತ್ತೆ ಬಂದವು. ಗ್ಯಾಸ್ ಸಿಲಿಂಡರ್ ಯಾವತ್ತಿಗಿಂತ ಮುಂಚೆ ಮುಗಿಯಿತು. ಎರಡು ದೋಸೆ ಸಾಲದ ಮನುಷ್ಯ ಸಿಲಿಂಡರ್ ಬಗ್ಗೆ ಏನು ಹೇಳಿಯಾನು?

ಸಾಮಾನು ತರುವವನು ನಾನು. ಭಾರತೀನಗರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ಪಾಠ ನಿಂತ ಮೇಲೆ ಸಂಬಳವೂ ನಿಂತಿತ್ತು, ಅಪ್ಪನ ಪಿಂಚಣಿಯಲ್ಲಿ ಉಣ್ಣುತ್ತಿದ್ದೆ. ಹಾಗಾಗಿ ನಾನು ಯಾರ ಪಕ್ಷವನ್ನೂ ವಹಿಸುವಂತಿರಲಿಲ್ಲ. ಅವ್ವ ಚೀಲ ಕೊಟ್ಟು, "ಆಲೂಗಡ್ಡೆ ವಸಿ ಜಾಸ್ತೀನೇ ತತ್ತಾ ಮಗ" ಅನ್ನುತ್ತಿದ್ದಳು. ಬಾಗಿಲು ದಾಟಿ ನಾಲ್ಕು ಹೆಜ್ಜೆ ಹೋಗುವುದರೊಳಗೆ ಅಪ್ಪ ಕಾಂಪೌಂಡಿನ ಮೂಲೆಯಿಂದ, "ಲೇ, ಬಾರ್ಲಾ ಇಲ್ಲಿ. ಮೆಡಿಕಲ್ಲಲ್ಲಿ ಗ್ಯಾಸಿನ ಪುಡಿ ಅಂತ ಸಿಗ್ತದಂತೆ. ನಾಕು ತತ್ತಾ. ನಿಮ್ಮವ್ವಂಗೆ ಏಳ್ಬ್ಯಾಡ" ಅನ್ನುತ್ತಿದ್ದ. ಒಂದೇ ಚೀಲದಲ್ಲಿ ಆಲೂಗಡ್ಡೆಯನ್ನೂ ಪುಡಿಯನ್ನೂ ತರುತ್ತಿದ್ದೆ. ಅವ್ವನಿಗೆ ಪುಡಿಯ ವಿಷಯ ಮೊದಲ ದಿನವೇ ತಿಳಿದಿತ್ತು ಅನ್ನಿಸುತ್ತದೆ. ಮಾರನೇ ದಿನ ಪಲ್ಯ ಹೆಚ್ಚಿತ್ತು.

ಹೋಟೆಲಿನವನು ದಿನ ಬಿಟ್ಟು ದಿನ ಹಿಟ್ಟು ತರುತ್ತಿದ್ದ. ಅವ್ವ ಅವನನ್ನೂ ಬಿಡಲಿಲ್ಲ. "ಪಾರ್ಸಲ್ ತಕಂಡು ಯಾವ ಕಡೀಕೆ ಓಯ್ತಿದ್ರಪ್ಪ?"

"ಕಿರುಗಾವಲು ರೋಡ್ ಕಡೀಕೆ ಗಾಡಿ ತಿರುಗ್ಸೋರು ಕಣಕ್ಕ." ಅಪ್ಪ ಕಿಟಕಿಯಲ್ಲಿ ಕೆಮ್ಮಿದ. "ಇಲ್ಲ, ಮದ್ದೂರು ರೋಡೇನೋ. ನಾನ್ ಕಾವಲಿ ನೋಡ್ಲಾ, ರೋಡ್ ನೋಡ್ಲಾ?"

ಕೊನೆಯ ದಿನ, ಅದು ನಾಲ್ಕನೆಯದೋ ಒಂಬತ್ತನೆಯದೋ, ಅಪ್ಪ ತಟ್ಟೆಯದನ್ನು ಮುಗಿಸಿ ಪೊಟ್ಟಣದ ದಾರಕ್ಕೆ ಕೈ ಹಾಕಿದ. ಗಂಟು ಬಿಚ್ಚಲು ಬಹಳ ಹೊತ್ತು ತೆಗೆದುಕೊಂಡ. ಬಿಚ್ಚಿ, ಒಂದು ಚೂರು ಮುರಿದು, ಬಾಯಿಯ ಹತ್ತಿರ ತಂದು, ಮತ್ತೆ ಎಲೆಯ ಮೇಲಿಟ್ಟ.

"ನಾಳಿಂದ ಒಂದೇ ಸಾಕು ಬುಡು."

ಅವ್ವ ಸೌಟನ್ನು ಕೆಳಗಿಟ್ಟಳು. "ಅಂಗಾರೆ ಇನ್ನೊಂದು ಯಾರ್ದು?"

ಗೆದ್ದವಳ ದನಿಯಾಗಿರಲಿಲ್ಲ ಅದು. ಅಪ್ಪ ಎರಡನ್ನೂ ತಿಂದುಬಿಟ್ಟಿದ್ದರೇ ಅವಳಿಗೆ ನೆಮ್ಮದಿಯಾಗುತ್ತಿತ್ತೋ ಏನೋ ಎಂದು ಆಗ ನನಗೆ ಹೊಳೆಯಿತು. ಆಗಲೇ ಹೊಳೆಯಿತೋ, ಈಗ ಬರೆಯುವಾಗಲೋ, ಖಾತ್ರಿಯಿಲ್ಲ. ಅಪ್ಪ ಎದ್ದು ಕೈ ತೊಳೆದು, ಟವಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡು ಹೇಳಿದ, "ಓಟ್ಲು ತೆಗೀಲಿ. ಕರ್ಕಂಡೋಯ್ತೀನಿ."

ಅಲ್ಲಿಗೆ ಮನೆಯಲ್ಲಿ ದೋಸೆ ನಿಂತಿತು. ಅವ್ವ ಮತ್ತೆ ಏನೂ ಕೇಳಲಿಲ್ಲ. ಆದರೆ ಸಂಜೆ ಹೊತ್ತು ಸುದ್ದಿ ನೋಡತೊಡಗಿದಳು. ಏನೇನು ತೆರೆಯುತ್ತದೆ, ಏನೇನು ಮುಚ್ಚಿರುತ್ತದೆ ಎಂದು ಸುದ್ದಿಯವರು ಓದುವಾಗ ಟಿವಿಯ ಹತ್ತಿರಕ್ಕೆ ಹೋಗಿ ನಿಲ್ಲುತ್ತಿದ್ದಳು. ಹೋಟೆಲುಗಳಲ್ಲಿ ಪಾರ್ಸಲ್ ಮಾತ್ರ ಕೊಡಬಹುದು ಎಂದು ಬಂದ ದಿನ, "ಮಾತ್ರ ಅಂತೆ. ಸಾಕಲ್ಲ" ಅಂದಳು.

ಹೋಟೆಲು ತೆರೆದ ಸಂಜೆ ಅವ್ವ ಮದುವೆ ಮನೆಗೆ ಹೋಗುವಾಗ ಉಡುವ ಸೀರೆಯನ್ನು ತೆಗೆದು, ನೋಡಿ, ಮತ್ತೆ ಒಳಗಿಟ್ಟು, ಒಂದು ಹತ್ತಿ ಸೀರೆ ಉಟ್ಟಳು. ಅಪ್ಪನ ಮೊಪೆಡ್ಡಿನ ಹಿಂದೆ ಪಕ್ಕಕ್ಕೆ ತಿರುಗಿ ಕೂತಳು. ಇಬ್ಬರೂ ಮಾಸ್ಕ್ ಸರಿಯಾಗಿ ಹಾಕಿಕೊಂಡಿದ್ದರು. ಇದು ಮಾತ್ರ ಖಂಡಿತ, ಯಾಕೆಂದರೆ ಅವ್ವನ ಮುಖ ಹೇಗಿತ್ತು ಎಂದು ನೋಡಲು ನಾನು ಪ್ರಯತ್ನಪಟ್ಟು ಸೋತೆ.

ದೀಪ ಹಚ್ಚುವ ಹೊತ್ತಿಗೆ ವಾಪಸ್ಸು ಬಂದರು. ಕೈಯಲ್ಲಿ ಪೊಟ್ಟಣವಿರಲಿಲ್ಲ. ಅವ್ವ ಕಾಲು ತೊಳೆದು ಜಗುಲಿಯ ಮೇಲೆ ಕೂತಳು. ನನ್ನ ಹೆಂಡತಿ ಪಕ್ಕದಲ್ಲಿ ಕೂತು, "ಏನತ್ತೆ, ದೋಸೆ ಹೆಂಗಿತ್ತು?" ಅಂದಳು.

"ನಮ್ದೇ ವಾಸಿ. ಅವ್ನ ಆಲೂಗಡ್ಡೆ ಸರ್ಯಾಗಿ ಬೆಂದಿರ್ನಿಲ್ಲ."

"ಇನ್ನೊಂದು?"

"ಅದೂ ಅಂಗೇ ಇದ್ದಿರ್ಬೇಕು" ಅಂದು ಅವ್ವ ಎದ್ದು ಒಳಗೆ ಹೋದಳು. ರಾತ್ರಿ ಅಪ್ಪನ ತಟ್ಟೆಗೆ ಮುದ್ದೆ ಇಡುವಾಗ, ಅವನು ಕೇಳುವ ಮೊದಲೇ ತುಪ್ಪ ಹಾಕಿದಳು. ಹಾಕಿದಳು ಎಂದು ನನ್ನ ನೆನಪು. ತುಪ್ಪದ ಸರದಿ ಆ ವಾರ ಇತ್ತೋ ಇಲ್ಲವೋ.

ಮಾರನೇ ದಿನದಿಂದ ಮನೆಯ ಖರ್ಚಿನಲ್ಲಿ ಒಂದು ಹೊಸ ಪದ್ಧತಿ ಬಂತು. ಸಂಜೆಯಾದರೆ ಅವ್ವನೇ ಅಪ್ಪನನ್ನು, "ಓಗ್ನಿಲ್ವಾ ಇನ್ನೂ? ಮೂರು ಕಟ್ಟಿಸ್ಕಳಿ" ಎಂದು ಎಬ್ಬಿಸುತ್ತಾಳೆ. ಮೂರರಲ್ಲಿ ಒಂದು ಅಪ್ಪನದು, ಒಂದು ಅವ್ವನಿಗೆ ಮನೆಗೆ ಬರುತ್ತದೆ. ಎಣ್ಣೆ, ಸೋಪು ಮತ್ತೆ ಸರದಿಗೆ ಬಿದ್ದಿವೆ, ದೋಸೆಗೆ ಸರದಿಯಿಲ್ಲ.

ಒಮ್ಮೆ ಬೈಕಿನಲ್ಲಿ ಅಪ್ಪನ ಹಿಂದೆ ಹೋದೆ. ಸರ್ಕಲ್ಲಿನ ಹತ್ತಿರ ಅಪ್ಪ ಗಾಡಿ ನಿಲ್ಲಿಸಿ, ತಿರುಗಿ, ನಾನು ಬರುವವರೆಗೂ ಕಾದು, "ಏನ್ಲಾ?" ಅಂದ. "ಬದನೆಕಾಯಿ ತರೋಣ ಅಂತ ಬಂದೆ" ಅಂದೆ. "ತಕಂಡೋಗು ಮತ್ತೆ" ಅಂದ. ನಾನು ಕೊಂಡು ಮುಗಿಸುವವರೆಗೂ ಅಲ್ಲೇ ನಿಂತಿದ್ದ. ಅವ್ವನನ್ನು ಕೇಳಿದರೆ, "ನಿಂಗ್ಯಾಕ್ಲಾ ಅದೆಲ್ಲ? ಓಗಿ ನಿನ್ ಕೆಲ್ಸ ನೋಡು" ಅನ್ನುತ್ತಾಳೆ.

ಸೌಡಿಯಾಗಿದ್ದಾಗ ಯಾವುದೋ ಕೊನೇ ಗದ್ದೆಗೆ ನೀರು ಬಿಡದೆ ಬೆಳೆ ಒಣಗಿಸಿ, ಆ ಮನೆಯವರಿಗೆ ಅಪ್ಪ ದೋಸೆಯಲ್ಲಿ ದಂಡ ಕಟ್ಟುತ್ತಿದ್ದಾನೆ ಎಂದು ಒಂದು ಊಹೆ ಕಟ್ಟಿ ಹೆಂಡತಿಗೆ ಹೇಳಿದೆ. "ನಿಮಗೆ ಎಲ್ಲದಕ್ಕೂ ಒಂದು ಕಥೆ ಬೇಕು" ಅಂದಳು. ಹೌದು, ಅದು ತೀರಾ ಅಚ್ಚುಕಟ್ಟಾಗಿತ್ತು. ಅದನ್ನು ಬಿಟ್ಟೆ. ಬೇರೆ ಊಹೆ ನನ್ನಲ್ಲಿಲ್ಲ. ಅದು ಗಂಡಸೋ ಹೆಂಗಸೋ, ಕಿರುಗಾವಲಿನ ಕಡೆಯೋ ಮದ್ದೂರಿನ ಕಡೆಯೋ, ಅವತ್ತು ಅಲ್ಲಿ ಅವ್ವ ಏನು ನೋಡಿದಳು, ಯಾರ ಜೊತೆ ಏನು ಮಾತಾಡಿದಳು, ನನಗೆ ಗೊತ್ತಿಲ್ಲ.