ಅಪ್ಪ ಬರೆದ ಕ್ಷಮಾಪತ್ರ

ನನ್ನ ತಮ್ಮ ಖಾಸಗಿ ವಿಮಾನ ಕಂಪನಿಯೊಂದರಲ್ಲಿ ಪೈಲಟ್ ಆಗಿದ್ದ. ಒಂದು ದಿನ, ನಿಯಮ ಒಪ್ಪುವಷ್ಟು ಗಂಟೆ ದುಡಿದು ಮುಗಿಸಿದ ಮೇಲೂ ಇನ್ನೊಂದು ಊರಿಗೆ ಹೊರಡಬೇಕೆಂದು ಅವನಿಗೆ ಹೇಳಿದರು. ಅವನು ಒಲ್ಲೆನೆಂದ. ದಣಿದವನು ವಿಮಾನ ಹಾರಿಸಬಾರದೆಂಬ ನಿಯಮ ಇರುವುದೇ ಹಿಂದೆ ಕುಳಿತವರ ಜೀವಕ್ಕಾಗಿ. ಕಂಪನಿ ಅದನ್ನು ‘ಆಜ್ಞೋಲ್ಲಂಘನೆ’ ಎಂದು ಕರೆಯಿತು. ಆ ಪದವನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಕಾರಣ ಕೇಳುವ ನೋಟಿಸು ಅವನ ಕಾಯಂ ವಿಳಾಸಕ್ಕೆ, ಎಂದರೆ ಬೈಲಹೊಂಗಲದ ನಮ್ಮ ಮನೆಗೆ, ರಿಜಿಸ್ಟರ್ಡ್ ಅಂಚೆಯಲ್ಲಿ ಬಂತು. ಬಿಡಿಸಿದವರು ಅಪ್ಪ. ಅವರದು ಪೇಟೆಯಲ್ಲಿ ಹತ್ತಿಯ ದಲಾಲಿ ಅಂಗಡಿ. ಆ ಪೇಟೆಗೆ ತನ್ನದೇ ಒಂದು ಪದ್ಧತಿಯಿತ್ತು. ಎರಡು ಅಂಗಡಿಗಳ ನಡುವೆ ಜಗಳ ಬಂದರೆ ಯಾರದು ಸರಿ, ಯಾರದು ತಪ್ಪು ಎಂದು ಯಾರೂ ಕೆದಕುತ್ತಿರಲಿಲ್ಲ. ಒಂದು ಮನೆಯ ಹಿರಿಯ ಎದ್ದು ಹೋಗಿ, ನಮ್ಮ ಹುಡುಗನದು ತಪ್ಪಾತು, ಹೊಟ್ಟೆಯಲ್ಲಿ ಹಾಕಿಕೊಳ್ಳಿ ಎಂದರೆ ಎದುರಿನವರು ಚಹಾ ತರಿಸುತ್ತಿದ್ದರು. ಅಲ್ಲಿಗೆ ಮುಗಿಯಿತು. ತಲೆಬಾಗಿದ ಹಿರಿಯನ ಮಾನ ಅದರಿಂದ ಹೆಚ್ಚುತ್ತಿತ್ತೇ ಹೊರತು ಕುಂದುತ್ತಿರಲಿಲ್ಲ.

ಅಪ್ಪ ಅದನ್ನೇ ಮಾಡಿದರು. ತಮ್ಮನಿಗೆ ಒಂದು ಮಾತೂ ತಿಳಿಸದೆ, ಕೋರ್ಟಿನ ಎದುರಿನ ಟೈಪಿಸ್ಟ್‌ನಿಂದ ಇಂಗ್ಲಿಷಿನಲ್ಲಿ ಬರೆಸಿದರು: ನನ್ನ ಮಗ ತಪ್ಪು ಮಾಡಿದ್ದಾನೆ, ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು. ಅಂಚೆಗೆ ಹಾಕುವ ಮುನ್ನ ನನಗೆ ತೋರಿಸಿದರು. ಆಗ ನಾನು ಕಿತ್ತೂರಿನಲ್ಲಿ ಪಾಠ ಹೇಳುತ್ತ, ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಮಿಲ್ಲುಗಳ ಹೆಣ್ಣುಮಕ್ಕಳಿಗೆ, ಅವರ ಸಂಘದ ಪರವಾಗಿ, ಓದದೆ ಸಹಿ ಮಾಡಬೇಡಿರೆಂದು ಊರೂರು ತಿರುಗಿ ಹೇಳುತ್ತಿದ್ದವಳು. ಎರಡು ಸ್ಪೆಲ್ಲಿಂಗ್ ತಿದ್ದಿ ಕಾಗದವನ್ನು ಮರಳಿ ಕೊಟ್ಟೆ. ಈ ಕಥೆಯ ತಪ್ಪುಗಳನ್ನೆಲ್ಲ ಹೆಸರಿಸಲು ಹೊರಟಿರುವುದರಿಂದ ಇದನ್ನೂ ಬರೆಯಲೇಬೇಕು.

ವಿಚಾರಣೆಯ ದಿನ ಮೇಜಿನ ಆ ಬದಿಗೆ ಕಂಪನಿಯ ವಕೀಲರು, ಅಧಿಕಾರಿಗಳು. ಈ ಬದಿಗೆ ತಮ್ಮ ಒಬ್ಬನೇ. ಅವನ ಹಾರಾಟದ ಗಂಟೆಗಳ ದಾಖಲೆಯನ್ನು ಯಾರೂ ತೆರೆಯಲಿಲ್ಲ. ಅಪ್ಪನ ಪತ್ರವನ್ನು ತೆರೆದರು. ಸ್ವಂತ ತಂದೆಯೇ ಒಪ್ಪಿಕೊಂಡಿದ್ದಾರೆ ಎಂದು ಬರೆದುಕೊಂಡರು. ವಾರದೊಳಗೆ ವಜಾ ಆದೇಶ ಬಂತು. ಶಿಸ್ತು ಮೀರಿದವನೆಂಬ ಷರಾ ಹೊತ್ತವನಿಗೆ ಬೇರೆ ಕಂಪನಿಯೂ ಬಾಗಿಲು ತೆರೆಯುವುದಿಲ್ಲ. ಹೋದದ್ದು ಒಂದು ನೌಕರಿಯಲ್ಲ, ಅವನಿಗೆ ಗೊತ್ತಿದ್ದ ಏಕೈಕ ಕಸುಬು.

ಅವನ ಪಕ್ಕದಲ್ಲಿ ಕುಳಿತು ಆ ಪತ್ರಕ್ಕೆ ತಕರಾರು ಎತ್ತಲು ಯಾರೂ ಏಕಿರಲಿಲ್ಲ? ಪೈಲಟ್‌ಗಳಿಗೆ ಸಂಘವೇನೋ ಇತ್ತು. ಆದರೆ ನೀವು ಅಧಿಕಾರಿಗಳು, ಕೂಲಿಗಳಲ್ಲ ಎಂದು ಕೆಲಸಕ್ಕೆ ಸೇರಿದ ದಿನವೇ ಕಂಪನಿ ಅವರ ಕಿವಿಯಲ್ಲಿ ಊದಿತ್ತು. ಇದಕ್ಕಿಂತ ಅಗ್ಗದ ಮೋಸ ಇನ್ನೊಂದಿಲ್ಲ. ರಜೆಗೆ ಬಂದಾಗ ಅವನು ನನ್ನನ್ನೇ ಹಂಗಿಸಿದ್ದ: “ಅಕ್ಕಾ, ಸಂಘ ಗಿಂಘ ಎಲ್ಲಾ ನಿನ್ನ ಮಿಲ್ಲಿನ ಮಂದಿಗೆ. ನಮಗ್ಯಾಕ ಬೇಕು?”

ವಜಾ ಆದ ಮೇಲೆ ಅವನೇ ಹೋಗಿ ಅದೇ ಸಂಘದ ಬಾಗಿಲು ಬಡಿದ. ಅವರು ಹಂಗಿಸಲಿಲ್ಲ, ಸದಸ್ಯನನ್ನಾಗಿ ಮಾಡಿಕೊಂಡು ಪ್ರಕರಣ ಕೈಗೆತ್ತಿಕೊಂಡರು. ಸಂಘದ ಕಚೇರಿಯ ಕಾರ್ಯದರ್ಶಿ ಮೂಲತಃ ರಾಮದುರ್ಗದವರು. ಒಂದು ಮಧ್ಯಾಹ್ನ ಅಪ್ಪನ ಅಂಗಡಿಗೇ ಬಂದು ಗಾದಿಯ ಮೇಲೆ ಕುಳಿತರು. ತಮ್ಮನೂ ನಾನೂ ಅಲ್ಲಿದ್ದೆವು. ಮಗನಿಗೆ ತಿಳಿಸದೆ ಬರೆದೆ, ನಡೆದದ್ದು ನನಗೆ ಗೊತ್ತಿರಲಿಲ್ಲ, ಆ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ ಎಂಬ ಇಂಗ್ಲಿಷ್ ಹೇಳಿಕೆಯೊಂದನ್ನು ಮುಂದಿಟ್ಟು, ನ್ಯಾಯಾಲಯಕ್ಕೆ ಕೊಡಲು ಅಪ್ಪ ಇದಕ್ಕೆ ಸಹಿ ಹಾಕಬೇಕು ಎಂದರು.

“ಹಿರ್ಯಾ ಅಂತ ಬರದೇನ್ರಿ,” ಎಂದರು ಅಪ್ಪ. “ದೊಡ್ಡ ಮಂದಿ, ಹೊಟ್ಟ್ಯಾಗ ಹಾಕ್ಕೊಂತಾರ ಅಂತ ತಿಳದಿದ್ದೆ.”

“ಹೊಟ್ಟ್ಯಾಗ ಹಾಕ್ಕೊಳ್ಳಲಿಲ್ರಿ ಸಾವಕಾರ್ರ. ಫೈಲಿನ್ಯಾಗ ಹಾಕ್ಕೊಂಡ್ರು.”

ಆಡಿದ ಮಾತನ್ನು ಆ ಪೇಟೆಯಲ್ಲಿ ಅಪ್ಪ ಒಮ್ಮೆಯೂ ತಿರುಗಿ ತೆಗೆದುಕೊಂಡವರಲ್ಲ. ಅವರ ಇಡೀ ವ್ಯಾಪಾರ ನಿಂತದ್ದೇ ಅದರ ಮೇಲೆ. ಸಹಿ ಹಾಕಿದರೆ, ಪತ್ರ ಕೊಟ್ಟು ತಿರುಗಿಬಿದ್ದವನೆಂಬ ಹೆಸರು ಕೋರ್ಟಿನ ಕಾಗದದಲ್ಲೇ ಉಳಿಯುತ್ತದೆ. ಕೊನೆಗೆ ತಮ್ಮನ ಕಡೆ ತಿರುಗಿ, ಅಂದು ವಿಮಾನ ಹಾರಿಸಿದ್ದರೆ ಏನಾಗುತ್ತಿತ್ತು ಎಂದು ಕೇಳಿದರು. ಇಷ್ಟು ದಿನ ಯಾರೂ, ವಿಚಾರಣೆಯಲ್ಲಿ ಕೂಡ, ಕೇಳದಿದ್ದ ಪ್ರಶ್ನೆ ಅದು.

“ಏನೂ ಆಗತಿರಲಿಲ್ಲ ಅಂತಾರಪ್ಪ ಎಲ್ಲಾರೂ. ಆಗಿದ್ರ, ಹೇಳಾಕ ನಾ ಇರತಿರಲಿಲ್ಲ.”

ಅಪ್ಪ ಪೆನ್ನು ಕೇಳಿ, ಪ್ರತಿ ಸಾಲನ್ನೂ ನನ್ನಿಂದ ಕನ್ನಡದಲ್ಲಿ ಹೇಳಿಸಿಕೊಂಡು, ಸಹಿ ಮಾಡಿದರು.

ತೀರ್ಪು ಬರಲು ವರ್ಷಗಳು ಹಿಡಿದವು. ತಂದೆಯ ಪತ್ರ ನೌಕರನ ಒಪ್ಪಿಗೆಯಲ್ಲ, ವಜಾ ಅಕ್ರಮ ಎಂದಿತು ನ್ಯಾಯಾಲಯ. ಅದು ಒಬ್ಬಂಟಿ ಪೈಲಟ್‌ನ ಗೆಲುವಲ್ಲ. ಗಂಟೆಗಳ ದಾಖಲೆ ಹೊರತೆಗೆಸಿದ್ದು, ಪ್ರತಿ ತಾರೀಖಿಗೂ ಅವನ ಪಕ್ಕದಲ್ಲಿ ಕುಳಿತದ್ದು ಸಂಘ. ತಮ್ಮ ಮತ್ತೆ ತರಬೇತಿ ಪಡೆದು ಹಾರಿದ. ನೆಲದ ಮೇಲೆ ಕಳೆದ ವರ್ಷಗಳನ್ನು ಮಾತ್ರ ಯಾವ ಆದೇಶವೂ ಮರಳಿಸಲಿಲ್ಲ.

ಆ ಪ್ರಕರಣದ ಕಡತವನ್ನು ನಾನು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಓದಿದ್ದೇನೆ. ದಣಿದವನಿಗೆ ಹಾರು ಎಂದ ಅಧಿಕಾರಿಯಾಗಲಿ, ಗಂಟೆಗಳ ದಾಖಲೆ ಮುಚ್ಚಿಟ್ಟವರಾಗಲಿ, ಒಬ್ಬ ಮುದುಕನ ವಿನಯವನ್ನು ಸಾಕ್ಷ್ಯ ಮಾಡಿಕೊಂಡ ವಕೀಲರಾಗಲಿ ಅದರಲ್ಲಿ ಎಲ್ಲಿಯೂ ತಪ್ಪೊಪ್ಪಿಕೊಂಡಿಲ್ಲ. ಒಪ್ಪಿಕೊಂಡವರು ಅಪ್ಪ ಒಬ್ಬರೇ, ಅದೂ ಎರಡು ಸಲ.